ಹತ್ತಿಗಿರಣಿ ಆಲ್ಬಮ್ಮಿನ ತೂತುಗಳು

ಪತ್ರಾಗಾರದ ನೆಲಮಾಳಿಗೆಯಲ್ಲಿ ಒಬ್ಬರು ಸೀನಿದರೆ ಸಾಕು, ಎದ್ದ ಧೂಳಿಗೆ ಮೂರು ಬೀದಿಗಳ ಜನ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಅಂಥ ಕಡೆಯೂ ಬಿದ್ದ ಸೂಜಿಯನ್ನು ಹುಡುಕಿಕೊಡುವ ಅಧಿಕಾರಿಣಿಗೆ ಜೊತೆಯವರು ಇಟ್ಟ ಹೆಸರು ಭೂತಗನ್ನಡಿ. ಅವಳ ಕಣ್ಣಿಗೆ ಹೆದರಿ ಜಿರಲೆಗಳೂ ಸಾಲು ಹಿಡಿದು ನಡೆಯುತ್ತಿದ್ದವು. ಆ ಕಣ್ಣಿಗೂ ಸಿಗದ್ದು ಒಂದೇ: ಸುಟ್ಟುಹೋದ ಹತ್ತಿಗಿರಣಿಯ ಫೋಟೋ ಆಲ್ಬಮ್. ಕಪಾಟಿನಲ್ಲಿ ರಟ್ಟು ಮಾತ್ರ ಉಳಿದಿತ್ತು. ಒಳಗಿನ ಹಾಳೆಗಳನ್ನು ಯಾರೋ ಕಿತ್ತು ಒಯ್ದಿದ್ದರು.

ಅದರ ಹುಡುಕಾಟ ಅವಳಿಗೆ ಬರೀ ಕಚೇರಿ ಕೆಲಸವಾಗಿರಲಿಲ್ಲ. ಬೆಂಕಿ ಬಿದ್ದ ದಿನ ಗೇಟಿನ ಬೀಗ ತೆಗೆದು ಜನರನ್ನು ಉಳಿಸಿದವನು ಗಿರಣಿಯ ಮೇಸ್ತ್ರಿಯಾಗಿದ್ದ ತನ್ನಪ್ಪ ಎಂದು ಅವಳ ತಾಯಿ ಉಸಿರಿಗೊಮ್ಮೆ ಹೇಳುತ್ತಿದ್ದಳು. ಆ ಬೀಗದ ಕೈ, ಮೊಳದುದ್ದದ ಕಬ್ಬಿಣ, ಹಿಡಿಯಲ್ಲಿ ಮೂರೆಲೆಯ ಆಕಾರ, ನಡುಮನೆಯ ಗೋಡೆಯಲ್ಲಿ ಇಡೀ ರಾಜ್ಯ ಗೆದ್ದ ಕತ್ತಿಯ ಹಾಗೆ ತೂಗುತ್ತಿತ್ತು. ಈಗ ಗಿರಣಿಯ ಜಾಗದಲ್ಲಿ ಸ್ಮಾರಕ ಏಳುತ್ತಿತ್ತು; ಅದರ ಕಲ್ಲಿಗೆ ಹೆಸರುಗಳ ಪಟ್ಟಿ ಕೊಡುವ ಕೆಲಸ ಅವಳದೇ. ಆಲ್ಬಮ್ಮಿನ ಪುರಾವೆ ಸಿಕ್ಕರೆ ಕಲ್ಲಿನ ಮೇಲೆ ಅಜ್ಜನ ಹೆಸರೇ ಮೊದಲು.

ಪತ್ರಿಕೆಯಲ್ಲಿ ಅವಳು ಪ್ರಕಟಣೆ ಕೊಟ್ಟಳು: ಗಿರಣಿಯ ಫೋಟೋ ಇದ್ದವರು ದಯವಿಟ್ಟು ತನ್ನಿ. ಊರಿಗೆ ಊರೇ ತಂದಿತು. ಹಾಸಿಗೆಯಡಿಯಿಂದ, ಗಡಿಯಾರದ ಹಿಂದಿನಿಂದ ಹಾಳೆಗಳು ಹೊರಬಂದವು. ರಟ್ಟಿನ ಹೊಲಿಗೆಗೆ ಸರಿಯಾಗಿ ಕೂಡಿಕೊಂಡವು. ಆದರೆ ತಂದವರು ಯಾರೂ ಕೂರಲಿಲ್ಲ. ಮೇಜಿನ ಮೇಲಿಟ್ಟು, ಒಂದು ಗಳಿಗೆ ಅವಳ ಮುಖವನ್ನೇ ದಿಟ್ಟಿಸಿ, ಹೊರಟುಬಿಡುತ್ತಿದ್ದರು.

ಪ್ರತಿ ಫೋಟೋದಲ್ಲೂ ಒಬ್ಬನ ಮುಖದ ಜಾಗದಲ್ಲಿ ತೂತು. ಕಾಗದದಲ್ಲಿ ತೂತು ಕಂಡರೆ ಹುಳುವನ್ನು ಬೈಯುವುದು ಪತ್ರಾಗಾರದವರ ಹುಟ್ಟುಗುಣ. ಅವಳೂ ಔಷಧಿ ಹೊಡೆದು, ಹಿಂದಿನಿಂದ ತೆಳುಕಾಗದ ಅಂಟಿಸುತ್ತ ಹೋದಳು.

ಪಕ್ಕದ ಮೇಜಿನ ಬೈಂಡರ್ ಇಣುಕಿದ. "ಇದ್ಯಾವ ಹುಳಾನಮ್ಮಾ? ಇಡೀ ಗಿರಣೀಲಿ ಒಬ್ಬನ ಮೂತಿಯೇ ರುಚಿಯಾಯ್ತಾ ಅದಕ್ಕೆ?"

"ಅಂಟಲ್ಲಿ ಗಂಜಿ ಇರುತ್ತಲ್ಲ ಮಾರಾಯ, ಅಲ್ಲೇ ಮೇಯುತ್ತೆ."

"ಹಾಗಾದ್ರೆ ಓದಿದ ಹುಳ ಬಿಡು. ದುಂಡಗೆ ಕತ್ತರಿಸೋದೂ ಕಲ್ತಿದೆ."

ಅವನು ನಕ್ಕ. ನಗು ಬಾವಿಗೆ ಬಿದ್ದ ಕೊಡದ ಹಾಗೆ ಮುಳುಗಿಹೋಯಿತು. ಅವಳು ತೂತಿನ ಅಂಚನ್ನು ಬೆರಳಲ್ಲಿ ಸವರಿದಳು. ಎಲ್ಲೂ ಹಲ್ಲಿನ ಗುರುತಿರಲಿಲ್ಲ.

ಕೊನೆಯ ಹಾಳೆ ತಂದವಳು ಕೋಲೂರಿದ ಮುದುಕಿ. ಅದು ಬೆಂಕಿಯ ದಿನದ ಫೋಟೋ. ಆಕಾಶವನ್ನೇ ನುಂಗಿದಂಥ ಹೊಗೆ, ಮುಚ್ಚಿದ ಗೇಟು, ಸರಳುಗಳ ನಡುವಿನಿಂದ ಚಾಚಿದ ಕೈಗಳು. ಗೇಟಿನ ಹೊರಗೆ ಮುಖವಿಲ್ಲದ ಒಬ್ಬ ಗಂಡಸು ನಿಂತಿದ್ದ. ಅವನ ಕೈಯಲ್ಲಿ ಮೂರೆಲೆ ಹಿಡಿಯ ಬೀಗದ ಕೈ.

"ಅಜ್ಜೀ, ಈ ಮುಖ ಕತ್ತರಿಸಿದ್ದು ಯಾರು?"

"ನಾವೇ ಮಗಳೇ. ಬೆಂಕೀಲಿ ಗಂಡನ್ನ, ಅಣ್ಣನ್ನ ಕಳ್ಕೊಂಡ ಹೆಂಗಸರು. ಗಿರಣಿ ಮುಚ್ಚಿದಾಗ ಆಲ್ಬಮ್ ಕಿತ್ತು, ಮನೆಗೊಂದು ಹಾಳೆ ಹಂಚ್ಕೊಂಡ್ವಿ. ನಮ್ಮೋರು ಅದ್ರಲ್ಲಿದ್ರಲ್ಲ! ಆದ್ರೆ ಇವನ ಮುಖ ಮನೇಲಿರಬಾರ್ದು ಅಂತ ಕತ್ತರಿ ಆಡಿಸಿದ್ವಿ."

"ಬೀಗ ತೆಗೆದಿದ್ದು ಅವರೇ ಅಲ್ವಾ?"

"ತೆಗೆದ, ತೆಗೆದ. ಎಲ್ಲ ತಣ್ಣಗಾದ ಮೇಲೆ. ಗೇಟು ತೆಗೆದ್ರೆ ಹತ್ತಿ ಕಳುವಾಗುತ್ತೆ ಅಂತ ಕಾಯ್ತಾ ನಿಂತಿದ್ದ."

"ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ?"

"ಕೇಳಿದೋರು ಯಾರು? ನೀನು ಕೇಳ್ದೆ. ಪೇಪರಲ್ಲಿ ಹಾಕಿ ಕೇಳ್ದೆ." ಮುದುಕಿ ಅವಳ ಗದ್ದ ಹಿಡಿದೆತ್ತಿದಳು. "ಅವನ ಮುಖ ಮಾತ್ರ ನಿಂಗೆ ಅಚ್ಚೊತ್ತಿದ ಹಾಗೆ ಬಂದಿದೆ."

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಗೋಡೆಯ ಬೀಗದ ಕೈ ಇಳಿಸಿದಳು. ಅದು ಆನೆಯ ಭಾರವಿತ್ತು.

"ಎಲ್ಲಿಗೇ ಒಯ್ತೀಯ ಅದನ್ನ?" ತಾಯಿ ಒಳಗಿನಿಂದ ಓಡಿಬಂದಳು.

"ಆಲ್ಬಮ್ ಸಿಕ್ತಮ್ಮ. ಅದರ ಜೊತೆ ಇಡ್ತೀನಿ."

ತಾಯಿ 'ಏನು ಸಿಕ್ತು' ಎಂದು ಕೇಳಲಿಲ್ಲ. ಬಾಗಿಲಿಗೆ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. "ಅದು ಈ ಹೊಸಿಲು ದಾಟಬಾರದು."

"ನಿನಗೆ ಗೊತ್ತಿತ್ತಾ?"

ತಾಯಿ ಬೆನ್ನ ಹಿಂದೆ ಕೈ ಒಯ್ದು ಚಿಲಕ ಹಿಡಿದಳು. ಆಗಲೇ ಹೊರಗಿನಿಂದ ಬಾಗಿಲು ಬಡಿದ ಸದ್ದಾಯಿತು. "ಅಮ್ಮಾ, ಕಲ್ಲು ಕೆತ್ತೋನು. ಮೊದಲನೇ ಹೆಸರು ಯಾರದು ಕೆತ್ತಲಿ?"

ಬೀಗದ ಕೈ ಹಿಡಿದವಳು ಮುಚ್ಚಿದ ಬಾಗಿಲನ್ನೂ ಅದಕ್ಕೆ ಒರಗಿದ ತಾಯಿಯನ್ನೂ ನೋಡಿದಳು.

"ಒಳಗಿದ್ದವರದು ಕೆತ್ತಪ್ಪ," ಎಂದು ಕೂಗಿದಳು. "ಹೊರಗಿದ್ದವನದು ಬೇಡ."

ತಾಯಿ ಚಿಲಕದ ಮೇಲಿನ ಕೈ ತೆಗೆಯಲಿಲ್ಲ.