ಹೊಗಳದ ಬಾಯಿ

ಹೆತ್ತ ಮಗುವನ್ನು ಹೊರಗಿನವರ ಎದುರು ಹೊಗಳಬಾರದು. ಇದನ್ನು ಜಯಶೀಲಾಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಉಡುಪಿ ಕಡೆಯ ಮನೆಯಲ್ಲಿ ಗಂಜಿಯ ಜೊತೆ ಉಪ್ಪು ಒಳಗೆ ಹೋದ ಹಾಗೆ ಅದೂ ಹೋಗಿತ್ತು. ಮಗು ಗುಂಡಗುಂಡಗೆ ಉಂಟಲ್ಲ ಎಂದು ಯಾರಾದರೂ ಅಂದರೆ ಸಾಕು, ಅವಳ ಅಜ್ಜಿ, ‘ಎಲ್ಲಿಯ ಗುಂಡು, ನಿನ್ನೆಯಿಂದ ಹಾಲೇ ಕುಡಿಯುವುದಿಲ್ಲ’ ಎಂದುಬಿಡುತ್ತಿದ್ದಳು. ಕೇಳಿದವರಿಗೂ ತಿಳಿಯುತ್ತಿತ್ತು: ಮಗು ಚೆನ್ನಾಗಿದೆ, ದೇವರ ದಯೆ, ಕಣ್ಣು ಹಾಕಬೇಡಿ ಅಂತ. ಗಂಡನ ಹಿಂದೆ ಡಚ್ಚರ ನಾಡಿಗೆ, ನ್ಯೂವೆಗೈನ್‌ನ ಮೂರನೆಯ ಮಹಡಿಯ ಮನೆಗೆ ಬರುವಾಗ ಜಯಶೀಲಾ ಈ ನಡತೆಯನ್ನೂ ತಂದಳು. ಅದನ್ನು ಅರ್ಥಮಾಡಿಕೊಳ್ಳುವ ಜನ ಮಾತ್ರ ಊರಲ್ಲೇ ಉಳಿದರು.

ಮಗಳು ಸಂಪ್ರೀತಾ ಯುಟ್ರೆಕ್ಟ್‌ನ ಒಂದು ಕಾಲೇಜಿನಲ್ಲಿ ಓದುತ್ತಿದ್ದಳು, ಅದಕ್ಕಿಂತ ಹೆಚ್ಚಾಗಿ ಓಡುತ್ತಿದ್ದಳು. ಕಾಲೇಜು ಅತ್ತ ದೊಡ್ಡದೂ ಅಲ್ಲ, ಇತ್ತ ಸಣ್ಣದೂ ಅಲ್ಲ. ಸಣ್ಣ ಕಾಲೇಜಿನವರು ಖುಷಿಗೆ ಓಡುತ್ತಿದ್ದರು, ಅವರಿಂದ ಯಾರೂ ಏನನ್ನೂ ಬಯಸುತ್ತಿರಲಿಲ್ಲ. ದೊಡ್ಡ ವಿಶ್ವವಿದ್ಯಾಲಯಕ್ಕೆ ಚಳಿಗಾಲದಲ್ಲಿ ಓಡಲು ಸೂರಿನ ಕೆಳಗೊಂದು ಟ್ರ್ಯಾಕು, ಕಾಲು ನೀವಲು ಆಳು, ಪಂದ್ಯಕ್ಕೆ ಹೋಗಿಬರಲು ಬಸ್ಸು. ಈ ನಡುವಿನ ಕಾಲೇಜಿನ ಮಕ್ಕಳು ಬಾಡಿಗೆ ಟ್ರ್ಯಾಕಿನಲ್ಲಿ ವಾರಕ್ಕೆರಡು ಸಲ ಓಡಿ, ಪಂದ್ಯದ ದಿನ ರೈಲಿನಲ್ಲಿ ನಿಂತುಕೊಂಡೇ ಹೋಗಿ, ಅದೇ ದೊಡ್ಡವರ ಪಕ್ಕದ ಗೆರೆಯಲ್ಲಿ ಬಾಗಿ ನಿಲ್ಲಬೇಕು. ಯಾರಾದರೂ ಚೆನ್ನಾಗಿ ಓಡಿದರೋ, ಮರುವರ್ಷ ಅವರನ್ನು ದೊಡ್ಡವರು ಕರೆದುಕೊಂಡು ಹೋಗುತ್ತಿದ್ದರು. ಸಂಪ್ರೀತಾಗೂ ಕರೆ ಬಂದಿತ್ತು. ಅವಳು ಹೋಗಲಿಲ್ಲ. ಭಾಷೆ ಬಾರದೆ ಮೂಲೆಯಲ್ಲಿ ನಿಲ್ಲುತ್ತಿದ್ದ ಹುಡುಗಿಯನ್ನು ಕೈಹಿಡಿದು ಟ್ರ್ಯಾಕಿಗೆ ಇಳಿಸಿದವಳು ಅಲ್ಲಿಯ ಕೋಚ್ ಹನ್ನೆಕೆ. ಅವಳನ್ನು ಬಿಟ್ಟು ಹೇಗೆ ಹೋಗುವುದು?

ತೊಂಬತ್ತೆಂಟರ ವಸಂತದಲ್ಲಿ ಕಾಲೇಜು ಕೈಚೆಲ್ಲಿತು. ಮುಂದಿನ ವರ್ಷದಿಂದ ಕೋಚ್‌ಗೂ ಟ್ರ್ಯಾಕಿಗೂ ತಾನು ಕೊಡುವುದಿಲ್ಲ, ಹೊರಗಿನವರು ಯಾರಾದರೂ ಕೊಟ್ಟರೆ ಸರಿ, ಇಲ್ಲವಾದರೆ ತಂಡವನ್ನು ಮುಚ್ಚುವುದು ಎಂದಿತು. ಹನ್ನೆಕೆ ಎಷ್ಟೋ ಬಾಗಿಲು ತಟ್ಟಿದಳು. ಕೊನೆಗೆ ಮನಸ್ಸು ಮಾಡಿದವರು ಟೈಲ್ಸ್ ವ್ಯಾಪಾರದ ವಾನ್ ಡಾಲೆನ್ ಎಂಬ ಹಿರಿಯರು. ಪ್ರಾಯದಲ್ಲಿ ತಾವೂ ಓಡಿದವರು. ತಂಡದ ನಾಯಕಿಯಾದ ಸಂಪ್ರೀತಾಳನ್ನೂ ಅವಳ ಮನೆಯವರನ್ನೂ ಒಮ್ಮೆ ಕಂಡು ನಿರ್ಧರಿಸುತ್ತೇನೆ ಎಂದು ಒಂದು ಭಾನುವಾರ ಹನ್ನೆಕೆಯ ಜೊತೆ ಮನೆಗೇ ಬಂದರು.

ಜಯಶೀಲಾ ಬೆಳಿಗ್ಗೆಯೇ ದೀಪ ಹಚ್ಚಿ, ಕೃಷ್ಣನಿಗೆ ಕೈಮುಗಿದು, ಈ ಒಂದು ಕೆಲಸ ಆಗಲಪ್ಪ ಎಂದು ಬೇಡಿಕೊಂಡಿದ್ದಳು. ಗಂಡ ಐತಪ್ಪ ಎರಡು ಸಾವಿರದ ಇಸವಿಯ ಕಂಪ್ಯೂಟರ್ ಗಂಡಾಂತರ ಎಂದು ಭಾನುವಾರವೂ ಆಫೀಸಿನಲ್ಲಿದ್ದ. ಅಭ್ಯಾಸಕ್ಕೆ ಹೋದ ಮಗಳ ರೈಲು ತಡವಾಯಿತು. ಜಯಶೀಲಾ ಎದೆಗುಂದಲಿಲ್ಲ. ಬಡಾವಣೆಯ ಶಾಲೆಯಲ್ಲಿ ಎರಡು ಚಳಿಗಾಲ ಕೂತು ಡಚ್ ಕಲಿತಿದ್ದಳಲ್ಲ! ಬಿಸಿ ಗೋಳಿಬಜೆ ಇಟ್ಟಳು. ವಾನ್ ಡಾಲೆನ್ ಬಾಯಿ ಸುಟ್ಟುಕೊಂಡು ತಿಂದು, ನಿಮ್ಮ ಮಗಳು ತುಂಬ ಚೆನ್ನಾಗಿ ಓಡುತ್ತಾಳಂತೆ ಎಂದರು.

ಜಯಶೀಲಾ ತಟಕ್ಕನೆ ದೇವರ ಕಡೆ ತಿರುಗಿದಳು. ಮೊದಲ ಸಲ ಬಂದವರು, ಅದೂ ದೇವರ ಕೋಣೆಯ ಎದುರೇ ಇಂಥ ಮಾತು.

“ಎಲ್ಲಿ. ಬೇರೆ ಹುಡುಗಿಯರು ಇವಳಿಗಿಂತ ಚೆನ್ನಾಗಿ ಓಡುತ್ತಾರೆ. ಇವಳಿಗೆ ಯಾವಾಗಲೂ ಮಂಡಿನೋವು.”

ಆ ಹಿರಿಯರು, ಇನ್ನೂ ಎರಡು ವರ್ಷ ಈ ತಂಡದಲ್ಲೇ ಇರುತ್ತಾಳಲ್ಲ ಎಂದು ಕೇಳಿದರು. ನಾಳೆಯದನ್ನು ಇಂದೇ ತನ್ನದೆಂದು ಹೇಳಿಕೊಳ್ಳುವುದು ದೇವರಿಗೆ ಎದುರಾಡಿದ ಹಾಗೆ.

“ಯಾರಿಗೆ ಗೊತ್ತು? ದೊಡ್ಡ ವಿಶ್ವವಿದ್ಯಾಲಯದವರು ಕರೆಯುತ್ತಾ ಇದ್ದಾರೆ. ಮಕ್ಕಳ ಮನಸ್ಸು.”

ಹನ್ನೆಕೆ ಲೋಟ ಕೆಳಗಿಟ್ಟು ಅವಳನ್ನೇ ನೋಡಿದಳು. ಕಾಫಿ ಮುಗಿಯಿತೆಂದುಕೊಂಡು ಜಯಶೀಲಾ ಇನ್ನಷ್ಟು ಸುರಿದಳು. ಹನ್ನೆಕೆ ಏನೋ ಹೇಳಹೊರಟಾಗ ವಾನ್ ಡಾಲೆನ್, ತಾಯಿಗಿಂತ ಹೆಚ್ಚು ತಿಳಿದವರು ಯಾರು ಎಂದು ತಡೆದರು. ಹೊರಡುವಾಗ ಜಯಶೀಲಾಳ ಕೈಯನ್ನು ತುಂಬ ಹೊತ್ತು ಹಿಡಿದುಕೊಂಡರು. ಕೆಲಸ ಆಯಿತೆಂದು ಅವಳು ದೇವರಿಗೆ ಇನ್ನೊಂದು ಹೂವಿಟ್ಟಳು.

ಮಗಳು ಬಂದೊಡನೆ ಬಾಗಿಲಲ್ಲೇ ನಿಲ್ಲಿಸಿ, ಉಪ್ಪು ಮೆಣಸು ನಿವಾಳಿಸಿ, ಕರೆಂಟು ಒಲೆಯ ಮೇಲೆ ಸುಟ್ಟಳು. ಘಾಟೇ ಬರಲಿಲ್ಲ.

“ನೋಡು, ಎಂಥಾ ಕಣ್ಣು ಬಿದ್ದಿತ್ತು ನೋಡು. ಒಂದು ಕೆಮ್ಮೂ ಇಲ್ಲ.”

“ಅಮ್ಮ, ಅದು ಅಜ್ಜಿ ಕಳಿಸಿದ ಹಳೇ ಮೆಣಸು. ಅದು ಸತ್ತು ಯಾವ ಕಾಲ ಆಯ್ತು ಮಾರಾಯ್ರೆ,” ಎಂದು ಮಗಳು ನಕ್ಕಳು. ಆ ಮನೆಯಲ್ಲಿ ಅಂಥ ನಗು ಮತ್ತೆ ಬಹಳ ದಿನ ಕೇಳಲಿಲ್ಲ.

ವಾರದ ನಡುವೆ ಹನ್ನೆಕೆ ಸೈಕಲ್ಲಿನಲ್ಲಿ ಬಂದಳು. ಕೋಟು ತೆಗೆಯಲಿಲ್ಲ, ಕೂರಲೂ ಇಲ್ಲ. ವಾನ್ ಡಾಲೆನ್ ದೊಡ್ಡ ವಿಶ್ವವಿದ್ಯಾಲಯದ ತಂಡಕ್ಕೆ ಮಾತು ಕೊಟ್ಟಾಗಿದೆ ಎಂದಳು. ನಾಯಕಿಯೇ ನಿಲ್ಲದ ತಂಡಕ್ಕೆ ಕೊಟ್ಟು ಏನು ಫಲ ಎಂದರಂತೆ. ಆಮೇಲೆ ಜಯಶೀಲಾಳ ಕಡೆ ತಿರುಗಿದಳು.

“ಇಷ್ಟು ಪ್ರಾಮಾಣಿಕ ತಾಯಿಯನ್ನು ನಾನು ನೋಡಿಲ್ಲ, ಆಕೆಗೆ ಧನ್ಯವಾದ ಹೇಳಿ ಎಂದಿದ್ದಾರೆ.”

ಪ್ರತಿ ಶಬ್ದವೂ ಜಯಶೀಲಾಗೆ ಅರ್ಥವಾಯಿತು. ಈ ಭಾಷೆ ಕಲಿಯದೆ ಇದ್ದಿದ್ದರೆ, ಅನಿಸಿತು.

ಹನ್ನೆಕೆ ಹೋದ ಮೇಲೆ ಸಂಪ್ರೀತಾ ಭಾನುವಾರ ಆಡಿದ ಮಾತನ್ನೆಲ್ಲ ತಾಯಿಯ ಬಾಯಿಂದ ಕೇಳಿಸಿಕೊಂಡಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು.

“ನಾನು ಹೋಗುವುದಿಲ್ಲ ಅಂತ ನಿಮಗೆ ಗೊತ್ತುಂಟಲ್ಲಮ್ಮ?”

“ಗೊತ್ತುಂಟು ಮಗಾ.”

“ಮಂಡಿನೋವು ಯಾವಾಗ ಬಂತು ನನಗೆ?”

ಜಯಶೀಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅಂದು ಸಂಜೆ ಐತಪ್ಪ ವಾನ್ ಡಾಲೆನ್‌ಗೆ ಫೋನು ಮಾಡಿ ನಮ್ಮ ಕಡೆಯ ರೀತಿಯನ್ನು ಬಿಡಿಸಿ ಹೇಳಿದ. ಅವರು ಸಮಾಧಾನದಿಂದಲೇ ಕೇಳಿದರು. ಕೊಟ್ಟ ಮಾತನ್ನು ಹಿಂದೆ ತೆಗೆದುಕೊಳ್ಳುವಂತಿಲ್ಲ ಎಂದರು. ಆದರೂ ಒಬ್ಬ ತಾಯಿ ತನ್ನ ಮಗಳ ಬಗ್ಗೆ ಯಾಕೆ ಸುಳ್ಳು ಹೇಳುತ್ತಾಳೋ ನನಗೆ ತಿಳಿಯುವುದಿಲ್ಲ ಎಂದರು. ಐತಪ್ಪ ಅದನ್ನು ಹೆಂಡತಿಗೆ ಹೇಳಬಾರದಿತ್ತು. ಹೇಳಿದ.

ಜೂನ್‌ನಲ್ಲಿ ತಂಡದ ಕೊನೆಯ ಪಂದ್ಯ. ಜಯಶೀಲಾ ಒಬ್ಬಳೇ ಬೆಂಚಿನ ಮೇಲೆ ಕೂತಿದ್ದಳು. ರಿಲೇ ಓಟದ ಕೊನೆಯ ಸುತ್ತು ಸಂಪ್ರೀತಾಳದು. ಕೋಲು ಕೈಗೆ ಬರುವ ಹೊತ್ತಿಗೆ ತಂಡ ಎಲ್ಲರಿಗಿಂತ ಹಿಂದಿತ್ತು. ಅವಳು ಒಬ್ಬೊಬ್ಬರನ್ನೇ ದಾಟುತ್ತಾ ಬಂದಳು. ಕೊನೆಗೆ ಮುಂದೆ ಉಳಿದದ್ದು ದೊಡ್ಡ ವಿಶ್ವವಿದ್ಯಾಲಯದ ಹುಡುಗಿ, ಅವಳ ಹೊಸ ಅಂಗಿಯ ಬೆನ್ನ ಮೇಲೆ ವಾನ್ ಡಾಲೆನ್‌ರ ಅಂಗಡಿಯ ಹೆಸರು. ಆ ಬೆನ್ನನ್ನು ಸಂಪ್ರೀತಾಗೆ ದಾಟಲಾಗಲಿಲ್ಲ.

ಬೆವರಿಳಿಸುತ್ತಾ ಬಂದು ಮಗಳು ಎದುರು ನಿಂತಳು. ಜಯಶೀಲಾಳ ಕೈಗಳು ತಾವಾಗಿಯೇ ಮೇಲೆದ್ದವು, ಅವಳ ಕೆನ್ನೆ ಸವರಿ ನೆಟಿಗೆ ಮುರಿದು ದೃಷ್ಟಿ ತೆಗೆಯಲು.

“ಬೇಡಮ್ಮ. ಇನ್ನು ಯಾರು ನೋಡುತ್ತಾರೆ?”

ಕೈಗಳು ಗಾಳಿಯಲ್ಲೇ ನಿಂತವು. ಆಮೇಲೆ ಜಯಶೀಲಾ ಆ ಒದ್ದೆ ಮುಖವನ್ನು ಬೊಗಸೆಯಲ್ಲಿ ಹಿಡಿದು, ಅಕ್ಕಪಕ್ಕದ ಬೆಂಚಿಗೆಲ್ಲ ಕೇಳುವಂತೆ, ತಪ್ಪಿಲ್ಲದ ಡಚ್ಚಿನಲ್ಲಿ ಹೇಳಿದಳು:

“ನನ್ನ ಮಗಳು ತುಂಬ ಚೆನ್ನಾಗಿ ಓಡುತ್ತಾಳೆ.”

ಯಾರೂ ತಿರುಗಲಿಲ್ಲ. ಮೈದಾನದ ಆಚೆ ಹನ್ನೆಕೆ ಒಬ್ಬಳೇ ತಂಡದ ಅಂಗಿಗಳನ್ನು ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು.