ಕೊನೆಯ ಆಲಿವ್ ಮರ

“ಇನ್ನೆಷ್ಟು ಮರ ಉಳಿದಾವೆ?” ಎನ್ನುತ್ತ ಅಜ್ಜಿ ನನ್ನ ರೊಟ್ಟಿಯ ಮೇಲೆ ಎಣ್ಣೆ ಸುರಿದಳು.

“ಮೂರು.”

“ಹಾಗಾದ್ರೆ ನಾಳೆಗೆ ಮುಗೀತು.” ಅವಳ ಮುಖದಲ್ಲಿ ಹಬ್ಬದ ಕಳೆಯಿತ್ತು.

ಗ್ರೀಸಿನ ತೈಗೆತೋಸ್ ಬೆಟ್ಟದ ನಮ್ಮ ಹಳ್ಳಿಯಲ್ಲಿ ರಕ್ತಕ್ಕೆ ರಕ್ತವೇ ಉತ್ತರ. ಆದರೆ ಆಲಿವ್ ಕೊಯ್ಲು ಶುರುವಾದರೆ, ಹಗೆಯ ಎರಡೂ ಮನೆಗಳಲ್ಲಿ ಅದು ಮುಗಿಯುವವರೆಗೆ ಯಾರೂ ಕೊಲ್ಲುವಂತಿಲ್ಲ. ವಸಂತದಲ್ಲಿ ನನ್ನ ಅಣ್ಣ ಥೋದೋಸನನ್ನು ಬಾವಿಯ ಬಳಿ ಗುಂಡಿಟ್ಟು ಕೊಂದವನು ಪನಾಗೋಸ್. ನಾನು ಓದು ಮುಗಿಸಿ ಊರಿಗೆ ಬರುವಷ್ಟರಲ್ಲಿ ಕೊಯ್ಲು ಶುರುವಾಗಿತ್ತು. ಈ ಕೊಯ್ಲಿನ ತಿಂಗಳಿಡೀ ಅವನೂ ನಾನೂ ಊರ ಗಾಣದ ಒಂದೇ ತೊಲೆಯನ್ನು ತಳ್ಳಿದೆವು. ಮಾತಿಲ್ಲ. ಅವನ ಬೆವರಿದ ಕತ್ತು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಅಥೆನ್ಸಿನಲ್ಲಿ ನಾಲ್ಕು ವರ್ಷ ಓದಿದ ಕಾನೂನಿನ ಒಂದು ಸಾಲೂ ಆಗ ನೆನಪಾಗಲಿಲ್ಲ.

ಅಣ್ಣನ ಹೆಂಡತಿ ಲಿಗೇರಿ ತುಂಬು ಗರ್ಭಿಣಿ. “ಅಜ್ಜಿ, ಇವನು ಪನಾಗೋಸನನ್ನ ಕೊಂದ್ರೆ ಅವನ ತಮ್ಮ ಇವನನ್ನ ಬಿಡ್ತಾನಾ?” ಎಂದಳು.

“ಬಿಡದಿದ್ರೆ ಏನಾಯ್ತು? ನಿನ್ನ ಹೊಟ್ಟೇಲಿ ಇನ್ನೊಂದು ಬಂದೂಕಿದೆಯಲ್ಲ!”

ನಮ್ಮಲ್ಲಿ ಗಂಡುಮಗುವನ್ನು ಕರೆಯುವುದೇ ಹಾಗೆ. ಲಿಗೇರಿ ರೊಟ್ಟಿಯನ್ನು ಕೆಳಗಿಟ್ಟಳು.

ಮರುದಿನ ಮಧ್ಯಾಹ್ನ ಒಂದೇ ಮರ ಉಳಿದಿತ್ತು. ಕಾಯಿ ಬಡಿಯಲು ನಾನು ಕೋಲೆತ್ತಿದಾಗ ಲಿಗೇರಿ ಅದರ ಬುಡಕ್ಕೆ ಬೆನ್ನುಕೊಟ್ಟು ಕುಳಿತಳು.

“ಏಳು ಅತ್ತಿಗೆ.”

“ಮೊದಲು ನನ್ನ ಹೊಡಿ.”

“ಗಂಡನ ರಕ್ತಾನ ಮರೆತ್ಯೇನೇ, ನಾಚಿಕೆಗೆಟ್ಟೋಳೇ!” ಅಜ್ಜಿ ಕಿರುಚಿದಳು.

“ನಿಮ್ಮ ಕಟ್ಟಳೆ ಮುರೀತಿಲ್ಲ ಅಜ್ಜಿ. ಕೊಯ್ಲು ಮುಗಿದ ಮೇಲೆ ತಾನೇ ಕೊಲ್ಲೋದು? ಈ ಮರ ಮದುವೇಲಿ ನನಗೆ ಕೊಟ್ಟದ್ದು. ನಾನು ಕೊಯ್ಯಲ್ಲ. ಈ ವರ್ಷಾನೂ ಇಲ್ಲ, ಮುಂದಿನ ವರ್ಷಾನೂ ಇಲ್ಲ.”

“ಕಾಯಿ ಕೊಳೆಯುತ್ತೆ ಕಣೇ!”

“ಕೊಳೀಲಿ. ನಿಮ್ಮ ಗಂಡ, ನಿಮ್ಮ ಇಬ್ಬರು ಮಕ್ಕಳು, ನನ್ನ ಥೋದೋಸ್, ಇವರು ಕೊಳೆತದ್ದು ಸಾಲದಾ?”

ನನಗೆ ಲಿಗೇರಿಯ ಮೇಲೂ ಕೋಪ ಬಂತು, ನನ್ನ ಸೇಡನ್ನು ಕಸಿದುಕೊಂಡಳೆಂದು. ಓದುಗರೇ, ಸೇಡಿನ ರುಚಿ ಬಲ್ಲವನೇ ಇದನ್ನು ಬರೆಯುತ್ತಿದ್ದೇನೆ.

ಬಿಸಿಲು ಇಳಿಯುವಾಗ ಪನಾಗೋಸ್ ಆ ದಾರಿಯಲ್ಲಿ ಬಂದ. ಅವರ ಕೊಯ್ಲು ಬೆಳಿಗ್ಗೆಯೇ ಮುಗಿದಿತ್ತು. ಹೆಗಲ ಮೇಲೆ ಬಂದೂಕು. ಅಣ್ಣ ಸತ್ತ ಮೇಲೆ ಮೊದಲ ಬಾರಿ ನನ್ನನ್ನು ಮಾತಾಡಿಸಿದ.

“ನಿಮ್ದು ಮುಗೀತಾ?”

ಅಜ್ಜಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

“ಇಲ್ಲ,” ಎಂದೆ.

ಅವನು ಕಾಯಿ ತುಂಬಿದ ಮರವನ್ನು ನೋಡಿದ, ಬುಡದಲ್ಲಿದ್ದ ಬಸುರಿಯನ್ನು ನೋಡಿದ. ತಲೆಯ ಟೊಪ್ಪಿ ತೆಗೆದು, ತಗ್ಗಿಸಿದ ತಲೆಯಲ್ಲೇ ಮುಂದೆ ನಡೆದ.

ಅವನನ್ನು ಕೊಲ್ಲುವ ಆಸೆ ಇನ್ನೂ ಇತ್ತು. ಕೋಲನ್ನು ಮೊಣಕಾಲಿಗೆ ಒತ್ತಿ ಮುರಿದು, ಅತ್ತಿಗೆಯ ಪಕ್ಕದಲ್ಲಿ ಕುಳಿತೆ.