ಎರಡು ಸಲ ಎಣಿಸಿದ ಕ್ರೇನು

ಆಳೆತ್ತರದ ಹೂವಿನ ಚಕ್ರ ಬಾಗಿಲಲ್ಲಿ ಹಿಡಿಸಲಿಲ್ಲ. ಗುತ್ತಿಗೆದಾರ ಅದನ್ನು ಅಡ್ಡ ತಿರುಗಿಸಿದ, ಓರೆ ಮಾಡಿದ, ಕೊನೆಗೆ ಮೊಣಕಾಲಿನಿಂದ ನೂಕಿದ. ಒಳಗೆ ಅಪ್ಪನ ಶವದ ತಲೆಯ ಬಳಿ ಕೂತಿದ್ದ ಮಗಳು ನೋಡುತ್ತಲೇ ಇದ್ದಳು, ಏಳಲಿಲ್ಲ. ಸಿಕ್ಕಿಕೊಳ್ಳಲಿ, ಅಲ್ಲೇ ಸಿಕ್ಕಿಕೊಂಡು ಸಾಯಲಿ ಎಂದುಕೊಂಡಳು.

"ಇವನ ಮುಖ ನೋಡಿದ್ರೆ ಮೈಯೆಲ್ಲ ಉರಿಯುತ್ತೆ ಅಮ್ಮ. ಎಲ್ಲರೆದುರಿಗೆ ಇವತ್ತು ಮಾನ ಕಳೀತೀನಿ, ನೋಡ್ತಿರು."

"ಇವತ್ತೊಂದಿನ ಬಾಯಿ ಮುಚ್ಕೊಂಡಿರು," ಎಂದಳು ಅಮ್ಮ ಮೂಗೊರೆಸಿಕೊಳ್ಳುತ್ತ. "ಬೈದು ಏನು ಬಂತು? ನಿನ್ನ ಕೈಲಿ ಏನು ಸಾಕ್ಷಿ ಇದೆ? ಹುಚ್ಚು ಹಿಡಿದಿದೆ ಅಂತ ನಿನ್ನನ್ನೇ ಆಡ್ಕೋತಾರೆ."

*

ಹತ್ತೊಂಬತ್ತು ವರ್ಷದ ಹಿಂದೆ ಅಪ್ಪ ಸರ್ಕಾರಿ ಖರೀದಿ ಕಚೇರಿಯಲ್ಲಿದ್ದ. ಗುತ್ತಿಗೆದಾರರು ಕೇಳಿದ ಬೆಲೆ ನ್ಯಾಯವೋ ಅನ್ಯಾಯವೋ ಎಂದು ಬಿಚ್ಚಿ ನೋಡಿ ಬರೆಯುವುದು ಅವನ ಕೆಲಸ. ಇದೇ ಮಹಾಶಯ ನದಿಯ ಸೇತುವೆಗೆ ಕೊಟ್ಟ ದರಪಟ್ಟಿಯ ಮೇಲೆ 'ಬೆಲೆ ಸರಿಯಾಗಿದೆ' ಎಂದು ಬರೆಯಲು ಅಪ್ಪ ಒಪ್ಪಲಿಲ್ಲ. ಎಂಟನೆಯ ದಿನ ವರ್ಗದ ಆದೇಶ ಬಂತು: ತರಬೇತಿ ಕೇಂದ್ರ, ನೆಲಮಾಳಿಗೆ, ಕಿಟಕಿಯಿಲ್ಲದ ಕೋಣೆ, ಹೊಸಬರಿಗೆ ಪಾಠ ಹೇಳುವ ಕೆಲಸ. ಬಡ್ತಿಯ ಮಾತು ಅಲ್ಲಿಗೆ ಮುಗಿಯಿತು. ಕಡತಕ್ಕೆ ಬೇರೊಬ್ಬರು ರುಜು ಹಾಕಿದರು. ಸೇತುವೆಯ ಉದ್ಘಾಟನೆಯ ದಿನ ಗುತ್ತಿಗೆದಾರ ಮನೆಗೇ ಸಿಹಿಯ ಡಬ್ಬ ಕಳಿಸಿದ, ಗಾಯದ ಮೇಲೆ ಉಪ್ಪು ಸವರಿದ ಹಾಗೆ.

ಹದಿನಾಲ್ಕರ ಮಗಳು ಆ ಡಬ್ಬವನ್ನು ಬೀದಿಗೆ ಎಸೆದು ಬಂದು ಕೇಳಿದ್ದಳು, "ನಿಮಗೆ ಸಿಟ್ಟೇ ಬರಲ್ವಾ ಅಪ್ಪಾ?"

ಅಪ್ಪ ತೋಳಿನ ಮೇಲಿದ್ದ ಸೀಮೆಸುಣ್ಣದ ಪುಡಿ ಕೊಡವಿಕೊಂಡಿದ್ದ. "ಬರುತ್ತೆ ಪುಟ್ಟಿ. ನನ್ನದು ಸ್ವಲ್ಪ ನಿಧಾನಕ್ಕೆ ಬರುತ್ತೆ."

ಹೇಡಿ ಎಂದುಕೊಂಡಿದ್ದಳು. ಇವತ್ತು ಬೆಳಗಿನವರೆಗೂ ಹಾಗೆಯೇ ಅಂದುಕೊಂಡಿದ್ದಳು.

*

ಅಂಗಳದ ತುಂಬ ಅಪ್ಪನ ಶಿಷ್ಯರು. ಆ ನೆಲಮಾಳಿಗೆಯಲ್ಲಿ ಕಲಿತವರೇ ಈಗ ಇಲಾಖೆ ಇಲಾಖೆಯಲ್ಲಿ ಖರೀದಿ ಅಧಿಕಾರಿಗಳು. ನಲವತ್ತು ಜನಕ್ಕೆ ಕಡಿಮೆಯಿಲ್ಲ. ಅಷ್ಟೊಂದು ಅಧಿಕಾರಿಗಳನ್ನು ಒಂದೇ ಕಡೆ ಕಂಡ ಗುತ್ತಿಗೆದಾರನಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಗಿತ್ತು. "ನಿಮ್ಮ ಮೇಷ್ಟ್ರು ನನ್ನ ಪ್ರಾಣ ಸ್ನೇಹಿತ ಕಣ್ರೀ" ಎನ್ನುತ್ತ, ಹೆಣ ಎತ್ತುವ ಮೊದಲೇ ವಿಸಿಟಿಂಗ್ ಕಾರ್ಡು ಹಂಚತೊಡಗಿದ್ದ.

ಬಂದರಿನ ಖರೀದಿ ಅಧಿಕಾರಿಣಿ ಮಗಳಿಗೆ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತಳು. "ನಿಮ್ಮಪ್ಪ ನಮ್ಮನ್ನ ಅಳಿಸಿಬಿಟ್ಟಿದ್ರು ಕಣಮ್ಮ, ಆ ಕ್ರೇನಿನ ಪಾಠದಲ್ಲಿ."

"ಯಾವ ಕ್ರೇನು?"

"ಗೊತ್ತಿಲ್ವಾ? ಒಂದು ಸೇತುವೆಯ ದರಪಟ್ಟಿ. ಯಾರದ್ದು ಅಂತ ಹೆಸರಿಲ್ಲ. ಪ್ರತಿ ತಂಡಕ್ಕೂ ಅದೇ. ಬೇರೆಯವರ ಬೆಲೆ ಪಕ್ಕದಲ್ಲಿಟ್ಟು ನೋಡಿದ್ರೆ ಏನೂ ಗೊತ್ತಾಗಲ್ಲ, ಎಲ್ಲ ಸರಿಯಾಗೇ ಕಾಣುತ್ತೆ. ಒಳಗಿನ ಖರ್ಚು ಒಂದೊಂದಾಗಿ ಬಿಚ್ಚಬೇಕು. ಮೊದಲು ಸೇತುವೆ ಖರ್ಚಲ್ಲಿ ಕ್ರೇನಿನ ಬಾಡಿಗೆ ಇರುತ್ತೆ. ಮೂವತ್ತು ಪುಟ ಆದ್ಮೇಲೆ, ಕಂಪನಿಯ ಸಾಮಾನ್ಯ ಖರ್ಚಿನ ಮರೆಯಲ್ಲಿ ಅದೇ ಕ್ರೇನು ಮತ್ತೆ ಕೂತಿರುತ್ತೆ, ಒಂದೇ ಕ್ರೇನಿಗೆ ಎರಡು ಬಾಡಿಗೆ! ಹುಡುಕೋವರೆಗೂ ಮೇಷ್ಟ್ರು ಊಟಕ್ಕೆ ಬಿಡ್ತಿರಲಿಲ್ಲ. 'ಇವನನ್ನ ಮರೀಬೇಡಿ, ನಾಳೆ ನಿಮ್ಮ ಮೇಜಿಗೂ ಬರ್ತಾನೆ' ಅನ್ನೋರು."

ಆ ದರಪಟ್ಟಿ ಯಾರದ್ದೆಂದು ಮಗಳಿಗೆ ಥಟ್ಟನೆ ಹೊಳೆಯಿತು. ಹತ್ತೊಂಬತ್ತು ವರ್ಷ, ತಂಡದ ಮೇಲೆ ತಂಡ! ಅಯ್ಯೋ ನನ್ನಪ್ಪಾ, ಎಂಥಾ ಹಠಮಾರಿ ನೀನು ಎಂದು ನಗು ಉಕ್ಕಿತು, ಜೊತೆಗೇ ಅಳುವೂ ಬಂತು. ಸಾಕ್ಷಿ ಎಲ್ಲಿ ಅಂದಿದ್ದಳಲ್ಲ ಅಮ್ಮ. ಸಾಕ್ಷಿ ಆ ಗುತ್ತಿಗೆದಾರನ ಬಾಯಲ್ಲೇ ಬರಲಿ.

ಅಷ್ಟರಲ್ಲಿ ಗುತ್ತಿಗೆದಾರ ಗಂಟಲು ಸರಿಮಾಡಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದ. "ಹದಿನೈದು ವರ್ಷದಿಂದ ನನಗೆ ಒಂದೇ ಒಂದು ದೊಡ್ಡ ಸರ್ಕಾರಿ ಕೆಲಸ ದಕ್ಕಿಲ್ಲ. ಎಲ್ಲಿ ಹೋದ್ರೂ 'ಖರ್ಚು ಬಿಚ್ಚಿ ತೋರಿಸಿ' ಅಂತ ಪೀಡಿಸ್ತಾರೆ. ಯಾವ ಪಾಪಿ ಕಣ್ಣು ಬಿತ್ತೋ! ನಮ್ಮ ಮೇಷ್ಟ್ರಂಥ ಒಳ್ಳೆಯವರು ಮೇಲಿದ್ದಿದ್ರೆ ಹೀಗಾಗ್ತಿತ್ತಾ?"

"ಅಂಕಲ್," ಎಂದಳು ಮಗಳು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಅಮ್ಮ ತೊಡೆ ಚಿವುಟಿದಳು. ಅವಳು ಲೆಕ್ಕಿಸಲಿಲ್ಲ. "ನದಿಗೆ ಸೇತುವೆ ಕಟ್ಟಿದ್ರಲ್ಲ, ಎಷ್ಟು ದೊಡ್ಡ ಕೆಲಸ! ಎಷ್ಟು ಕ್ರೇನು ಬೇಕಾಯ್ತು?"

ಆಸಾಮಿ ಉಬ್ಬಿಹೋದ. "ಎಷ್ಟಾ? ಒಂದೇ ಒಂದು! ಒಂದೇ ಕ್ರೇನಲ್ಲಿ ಇಡೀ ಸೇತುವೆ ಎತ್ತಿ ಕೂರಿಸಿದ ಗಂಡು ನಾನು. ಬೇಕಾದ್ರೆ ಕಡತ ತೆಗೆಸಿ, ನಿಮ್ಮಪ್ಪನೇ ನೋಡಿದ್ದು!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇವೆ. ಇವನು ಕುಂಬಳಕಾಯಿಯನ್ನೇ ಎತ್ತಿ ತೋರಿಸುತ್ತಿದ್ದ. ಹಿಂದಿನಿಂದ ಯಾರೋ "ಇವನೇನಾ ಅವನು?" ಎಂದರು. ನಲವತ್ತು ತಲೆಗಳು ಅವನತ್ತ ತಿರುಗಿದವು. ಅವನು ನಗುತ್ತಲೇ ಇದ್ದ. ಯಾಕೆ ಯಾರೂ ನಗುತ್ತಿಲ್ಲ ಎಂದು ಅವನಿಗೆ ಹೊಳೆಯಲು ಹೊತ್ತು ಹಿಡಿಯಿತು.

ಅಮ್ಮ ಅವನನ್ನೇ ದಿಟ್ಟಿಸಿದಳು. ಆಮೇಲೆ ಮಗಳ ತೊಡೆಯಿಂದ ಕೈ ತೆಗೆದಳು. "ಎತ್ತಿ. ಹೊತ್ತಾಯ್ತು," ಎಂದಳು.

ಶಿಷ್ಯರು ಒಳಗೆ ಬಂದು ಮೇಷ್ಟ್ರನ್ನು ಹೆಗಲಿಗೇರಿಸಿಕೊಂಡರು. "ಒಂದು ಹೆಗಲು ನಾನೂ ಕೊಡ್ತೀನಿ" ಎಂದು ಗುತ್ತಿಗೆದಾರ ಮುಂದೆ ಬಂದ. ಬೇಡ ಎಂದು ಯಾರೂ ಅನ್ನಲಿಲ್ಲ. ಎಡಗಡೆ ಹೋದ, ಹೆಗಲಿಗೆ ಹೆಗಲು ಕೂಡಿಕೊಂಡಿತ್ತು. ಸುತ್ತಿ ಬಲಗಡೆಗೆ ಬಂದ, "ಸ್ವಲ್ಪ ಜರುಗ್ರಪ್ಪಾ" ಎಂದ. ಬಂದರಿನ ಅಧಿಕಾರಿಣಿ ಇನ್ನೂ ಒತ್ತಿ ನಿಂತಳು. ಗೇಟು ದಾಟುವವರೆಗೂ ಅವನು ಒಂದು ಕೈ ಮೇಲೆತ್ತಿಕೊಂಡು ಹಿಂದೆ ಹಿಂದೆಯೇ ನಡೆದ; ಆ ಕೈಗೆ ಗಾಳಿಯ ಹೊರತು ಏನೂ ಎಟುಕಲಿಲ್ಲ.